ಮೀಸಲು ಗಾಲಿ ಬೇಕೆ, ಬೇಡವೆ?

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಚೌಡಾಪುರವೆಂಬ ಊರು ಬರುತ್ತದೆ. ದೇವಲ ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ ಹೊರಟವರು ಇಲ್ಲಿ ದೊಡ್ಡ ದಾರಿಯನ್ನು ಬಿಟ್ಟು ತಿರುಗುತ್ತಾರೆ. ಹೋದ ವರ್ಷ ದತ್ತ ಜಯಂತಿಯ ಹಿಂದಿನ ದಿನ ಸಂಜೆ, ಆ ತಿರುವು ಇನ್ನೂ ಸ್ವಲ್ಪ ದೂರವಿರುವಾಗಲೇ ನಮ್ಮ ಗಾಡಿ ನಿಂತುಹೋಯಿತು. ಗಾಡಿ ಹೊಸದು. ಅದನ್ನು ನಡೆಸುತ್ತಿದ್ದವನು ನನ್ನ ತಂಗಿಯ ಮಗ. ಹಿಂದಿನ ಆಸನದಲ್ಲಿ ಎಂಬತ್ತು ದಾಟಿದ ನನ್ನ ತಾಯಿ. ಆಕೆಗೆ ಸಕ್ಕರೆ ರೋಗ. ಊಟ, ಔಷಧ ಎರಡೂ ಹೊತ್ತಿಗೆ ಸರಿಯಾಗಿ ಆಗಬೇಕು. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರು ಬಂದಿತೆಂದು ಹುಡುಗನು ಬದಿಗೆ ಸರಿದಾಗ, ಡಾಂಬರಿನ ಮುರಿದ ಅಂಚು ಟೈರಿನ ಮಗ್ಗುಲನ್ನು ಸೀಳಿಬಿಟ್ಟಿತ್ತು.

"ಸ್ಟೆಪ್ನಿ ತೆಗಿಯಪ್ಪಾ, ಹಾಕೋಣು" ಎಂದೆ.

"ಈ ಗಾಡ್ಯಾಗ ಸ್ಟೆಪ್ನಿ ಕೊಡಂಗಿಲ್ರಿ ಮಾಮಾ. ಬಾಟ್ಲಿ ಅದ, ಪಂಪ್ ಅದ" ಎಂದನು.

ಬಾಟಲಿಯ ಔಷಧವನ್ನು ಟೈರಿಗೆ ಏರಿಸಿದ್ದಾಯಿತು. ಅದೆಲ್ಲ ಸೀಳಿನಿಂದ ಹೊರಗೆ ಬಂದು ನೆಲಕ್ಕೆ ಸುರಿಯಿತು. ಊರೊಳಗಿನಿಂದ ಬಂದ ಪಂಚರ್ ಅಂಗಡಿಯ ತರುಣನು ಬಾಗಿ ನೋಡಿ, "ಇದು ತೂತಲ್ರೀ ಸರ್, ಸೀಳು. ಸೀಳಿಗಿ ಅಂಟು ಹಚ್ಚಿದ್ರ ನಿಲ್ತದೇನ್ರೀ?" ಎಂದನು. ಆ ಅಳತೆಯ ಟೈರು ಅವನಲ್ಲಿ ಇರಲಿಲ್ಲ. ಮರುದಿನ ಕಲಬುರಗಿಯಿಂದಲೇ ತರಿಸಬೇಕಾಯಿತು. ಯಾತ್ರಿಕರು ತುಂಬಿದ ಒಂದು ಕ್ರೂಸರ್ ಗಾಡಿಯವರು ಒತ್ತಿ ಕುಳಿತು ತಾಯಿಗೆ ಸ್ಥಳ ಮಾಡಿಕೊಟ್ಟದ್ದರಿಂದ ಆಕೆ ಹೊತ್ತಿಗೆ ಊರು ಸೇರಿದಳು. ನಾವಿಬ್ಬರು ಗಾಡಿಯನ್ನು ಕಾಯುತ್ತ ರಾತ್ರಿ ಕಳೆದೆವು. ಆ ರಾತ್ರಿ ನನ್ನ ಮನಸ್ಸಿನಲ್ಲಿ ಮೂಡಿದ ಪ್ರಶ್ನೆಯೇ ಈ ಲೇಖನದ ವಿಷಯ: ಇಂದಿನ ಕಾರುಗಳಲ್ಲಿ ಮೀಸಲು ಗಾಲಿ ಇರಬೇಕೆ, ಬೇಡವೆ?

ಮೊದಲು 'ಸ್ಟೆಪ್ನಿ' ಎಂಬ ಮಾತನ್ನು ನೋಡೋಣ. ಇದು ಯಾವ ಧಾತುವಿನಿಂದ ಹುಟ್ಟಿತೆಂದು ಹುಡುಕಿದರೆ ಸಿಕ್ಕದು. ಇದು ಒಂದು ಬೀದಿಯ ಹೆಸರು. ಮೊದಮೊದಲಿನ ಮೋಟಾರುಗಳಲ್ಲಿ ಮೀಸಲು ಗಾಲಿ ಇರಲಿಲ್ಲ. ಗಾಲಿಯನ್ನು ಸುಲಭವಾಗಿ ಕಳಚುವಂತೆಯೂ ಇರಲಿಲ್ಲ. ಗಾಳಿ ಹೋದರೆ ದಾರಿಯ ಬದಿಯಲ್ಲಿ ಕುಳಿತು ಟೈರನ್ನು ಬಿಚ್ಚಿ, ತೇಪೆ ಹಾಕಿ, ಮತ್ತೆ ಏರಿಸಬೇಕಾಗಿತ್ತು. ೧೯೦೪ರಲ್ಲಿ ವೇಲ್ಸ್ ದೇಶದ ಲನೆಲಿ ಎಂಬ ಊರಿನ ಥಾಮಸ್ ಮಾರಿಸ್ ಡೇವಿಸ್ ಎಂಬುವನು ಇದಕ್ಕೆ ಒಂದು ಉಪಾಯ ಕಂಡುಹಿಡಿದನು. ಅರೆಕಾಲುಗಳಿಲ್ಲದ ಒಂದು ಬಳೆಗೆ ಗಾಳಿ ತುಂಬಿದ ಟೈರನ್ನು ತೊಡಿಸಿ, ಕೆಟ್ಟ ಗಾಲಿಯ ಪಕ್ಕಕ್ಕೆ ಅದನ್ನು ಬಿಗಿದು ಕಟ್ಟುವುದೇ ಆ ಉಪಾಯ. ಅವನ ಕಾರ್ಖಾನೆ ಇದ್ದುದು ಅಲ್ಲಿಯ ಸ್ಟೆಪ್ನಿ ಬೀದಿಯಲ್ಲಿ. ಮುಂದೆ ಗಾಲಿಯನ್ನೇ ಪೂರ್ತಿ ಕಳಚಿ ಬೇರೊಂದನ್ನು ಜೋಡಿಸುವ ಪದ್ಧತಿ ಬಂದು ಆ ಸಾಧನವು ಮರೆಯಾಯಿತು. ಹೆಸರು ಮಾತ್ರ ನಮ್ಮ ದೇಶದಲ್ಲಿಯೂ ದೂರದ ಮಾಲ್ಟಾ ದ್ವೀಪದಲ್ಲಿಯೂ ಉಳಿದುಕೊಂಡಿತು. ವಸ್ತು ಅಳಿದರೂ ಶಬ್ದ ಉಳಿಯುವುದು ಭಾಷೆಯಲ್ಲಿ ಹೊಸದೇನಲ್ಲ. ಈಗ ಆ ಶಬ್ದಕ್ಕೂ ಅಳಿಗಾಲ ಬಂದಿದೆಯೆ ಎಂಬುದು ವಿಚಾರ.

೨೦೨೦ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಮೂರೂವರೆ ಟನ್ನಿನ ಒಳಗಿನ, ಚಾಲಕನೂ ಸೇರಿ ಒಂಬತ್ತು ಜನಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕರ ಗಾಡಿಗಳಲ್ಲಿ ಟ್ಯೂಬಿಲ್ಲದ ಟೈರುಗಳಿದ್ದು, ಅವುಗಳನ್ನು ದುರಸ್ತಿ ಮಾಡುವ ಸಾಮಗ್ರಿಯೂ ಗಾಳಿಯ ಒತ್ತಡವನ್ನು ಚಾಲಕನಿಗೆ ತಿಳಿಸುವ ಯಂತ್ರವೂ ಇದ್ದರೆ, ಮೀಸಲು ಗಾಲಿ ಕಡ್ಡಾಯವಲ್ಲ ಎಂದಿತು. ವಾಚಕರು ಒಂದು ಮಾತನ್ನು ಗಮನಿಸಬೇಕು. ಗಾಲಿ ಇಡಕೂಡದೆಂದು ನಿಯಮವು ಹೇಳಿಲ್ಲ. ಇಡದಿದ್ದರೂ ನಡೆದೀತು ಎಂದಿದೆ. ಆದುದರಿಂದ ನಿರ್ಣಯವು ಗಾಡಿ ಮಾಡುವವನ ಮತ್ತು ಕೊಳ್ಳುವವನ ವಿವೇಕಕ್ಕೆ ಸೇರಿದುದು.

ಈ ರಿಯಾಯಿತಿಗೆ ಕಾರಣವಿಲ್ಲದೆ ಇಲ್ಲ. ಹಿಂದಿನ ಟೈರಿನೊಳಗೆ ಟ್ಯೂಬು ಇರುತ್ತಿತ್ತು. ಅದು ಹಿಗ್ಗಿದ ಪುಗ್ಗೆಯಂತೆ. ಮೊಳೆಯೋ ಜಾಲಿಮುಳ್ಳೋ ಚುಚ್ಚಿದರೆ ಗಾಳಿ ಸರ್ರನೆ ಹೋಗಿ ಗಾಡಿ ಕುಸಿಯುತ್ತಿತ್ತು. ಟ್ಯೂಬಿಲ್ಲದ ಟೈರಿನಲ್ಲಿ ಒಳಮೈಗೆ ಗಾಳಿಯನ್ನು ಸೋರಗೊಡದ ವಿಶೇಷ ರಬ್ಬರಿನ ಪದರವಿರುತ್ತದೆ. ಅಂಚುಗಳು ಲೋಹದ ಚಕ್ರಕ್ಕೆ ಬಿಗಿಯಾಗಿ ಒತ್ತಿಕೊಂಡಿರುತ್ತವೆ. ಇಲ್ಲಿ ಮೊಳೆ ಹೊಕ್ಕರೆ ಆ ಮೊಳೆಯೇ ತೂತಿಗೆ ಬಿರಡೆಯಾಗುತ್ತದೆ. ಗಾಳಿ ಮೆಲ್ಲಮೆಲ್ಲನೆ ಇಳಿಯುತ್ತದೆ. ಅಷ್ಟರಲ್ಲಿ ಪಂಚರ್ ಅಂಗಡಿಯನ್ನು ಸೇರಬಹುದು. ಒತ್ತಡ ತಿಳಿಸುವ ಯಂತ್ರವು ಮುಂಚೆಯೇ ಎಚ್ಚರಿಸುವುದರಿಂದ ಇನ್ನಷ್ಟು ಅನುಕೂಲ.

ಮೇಲಾಗಿ ಒಂದು ಗಾಲಿಯ ಭಾರ ಸುಮಾರು ಹತ್ತರಿಂದ ಇಪ್ಪತ್ತು ಕಿಲೋ. ಎಂದೋ ಒಂದು ದಿನ ಬೇಕಾಗಬಹುದಾದ ಭಾರವನ್ನು ದಿನವೂ ಹೊರುವುದಕ್ಕೆ ಇಂಧನ ವ್ಯಯವಾಗುತ್ತದೆ. ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಯು ತಳವನ್ನೆಲ್ಲ ಆಕ್ರಮಿಸುತ್ತದೆ. ಅನಿಲದಿಂದ ಓಡುವ ಗಾಡಿಗಳಲ್ಲಿ ಸಿಲಿಂಡರು ಡಿಕ್ಕಿಯನ್ನು ನುಂಗುತ್ತದೆ. ಗಾಲಿಗೆ ಜಾಗವೆಲ್ಲಿ? ಗಾಡಿ ಮಾಡುವವರ ಈ ವಾದವನ್ನು ತಳ್ಳಿಹಾಕುವಂತಿಲ್ಲ.

ಆದರೆ ಬಾಟಲಿಯ ಔಷಧದ ಶಕ್ತಿಗೆ ಒಂದು ಮೇರೆ ಉಂಟು. ಆ ದ್ರವವು ಒಳಗಿನ ಗಾಳಿಯ ಒತ್ತಡದಿಂದ ತೂತಿನೊಳಕ್ಕೆ ನುಗ್ಗಿ, ಅಲ್ಲಿ ಗಟ್ಟಿಯಾಗಿ ಬಾಯಿ ಮುಚ್ಚುತ್ತದೆ. ನೆಲಕ್ಕೆ ತಾಗುವ ದಪ್ಪನಾದ ಭಾಗದಲ್ಲಿ, ಸುಮಾರು ಆರು ಮಿಲಿಮೀಟರಿನ ವರೆಗಿನ ತೂತಿಗೆ ಇದು ಸಾಕು. ಟೈರಿನ ಮಗ್ಗುಲಿನ ಸಂಗತಿ ಬೇರೆ. ಅದು ತೆಳುವು; ಗಾಲಿಯ ಪ್ರತಿಯೊಂದು ಸುತ್ತಿಗೂ ಬಾಗಿ ನೆಟ್ಟಗಾಗುತ್ತಿರುತ್ತದೆ. ಅದರೊಳಗಿನ ನೂಲಿನ ಎಳೆಗಳೇ ಗಾಳಿಯ ಒತ್ತಡವನ್ನು ತಡೆಹಿಡಿಯುತ್ತವೆ. ಆ ಎಳೆಗಳು ಹರಿದ ಮೇಲೆ ಯಾವ ಅಂಟೂ ಅವುಗಳ ಕೆಲಸವನ್ನು ಮಾಡಲಾರದು. ಗುಂಡಿಗೆ ಬಿದ್ದು ಲೋಹದ ಚಕ್ರವೇ ಸೊಟ್ಟಗಾದರೂ ಬಾಟಲಿ ನಿರುಪಯೋಗಿ. ಅಲ್ಲದೆ ಔಷಧಕ್ಕೆ ಅವಧಿ ಉಂಟು. ತೀರಿದ ಬಾಟಲಿಯನ್ನು ಬದಲಿಸಬೇಕು.

ಹೀಗಿರಲು, ಉತ್ತರವು ಗಾಡಿಗಿಂತ ಹೆಚ್ಚಾಗಿ ದಾರಿಯನ್ನು ಅವಲಂಬಿಸಿದೆ. ನಗರದೊಳಗೇ ಓಡಾಡುವವರಿಗೆ ಬೀದಿ ಬೀದಿಗೂ ದುರಸ್ತಿಯ ಅಂಗಡಿ ಇರುವುದರಿಂದ ಬಾಟಲಿಯೇ ಸಾಕಾದೀತು. ಅಫಜಲಪುರ, ಆಳಂದ, ಜೇವರ್ಗಿಗಳ ಕಡೆಗೆ, ಎರೆಯ ನೆಲದ ನಡುವಿನ ದಾರಿಗಳಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಹೋಗಬೇಕಾದವರಿಗೆ ಗಾಲಿ ಬೇಕೇ ಬೇಕು. ಮುದುಕರು, ಬಸುರಿಯರು, ರೋಗಿಗಳು ಜೊತೆಗಿದ್ದರೆ ಹೇಳತಕ್ಕದ್ದೇ ಇಲ್ಲ. ಗಾಡಿ ಕೊಳ್ಳುವಾಗ ಬಣ್ಣವನ್ನು ವಿಚಾರಿಸುವುದಕ್ಕೆ ಮೊದಲು ಇದನ್ನು ವಿಚಾರಿಸಬೇಕು: ಗಾಲಿ ಇದೆಯೆ? ಇಲ್ಲವಾದರೆ ಇಡಲು ಜಾಗವಾದರೂ ಇದೆಯೆ? ಕೊಡುವ ಗಾಲಿಯು ಉಳಿದವುಗಳ ಅಳತೆಯದೋ, ಕಿರಿದೋ? ಕಿರಿದಾದರೆ ಅದರ ಮೇಲೆ ನಮೂದಿಸಿದ ವೇಗವನ್ನು, ಸಾಮಾನ್ಯವಾಗಿ ಗಂಟೆಗೆ ೮೦ ಕಿಲೋಮೀಟರನ್ನು, ಮೀರಕೂಡದು. ಅದು ಅಂಗಡಿಯ ವರೆಗೆ ಮುಟ್ಟಿಸುವುದಕ್ಕೆ ಮಾತ್ರ.

ಗಾಲಿ ಇದ್ದ ಮಾತ್ರಕ್ಕೆ ನಿಶ್ಚಿಂತೆ ಎನ್ನಲಾಗದು. ಬಳಸದೆ ಬಿದ್ದ ಗಾಲಿಯಿಂದಲೂ ಗಾಳಿ ಇಳಿಯುತ್ತದೆ. ರಬ್ಬರಿಗೂ ಮುಪ್ಪು ಬರುತ್ತದೆ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲಿನ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ತಿಂಗಳಿಗೊಮ್ಮೆ ನಾಲ್ಕು ಗಾಲಿಗಳಿಗೆ ಗಾಳಿ ನೋಡಿಸುವಾಗ ಐದನೆಯದನ್ನು ಮರೆಯಬಾರದು. ನಮ್ಮ ಬೇಸಗೆಯಲ್ಲಿ ಬಿಸಿಲು ೪೦ ಡಿಗ್ರಿ ದಾಟುತ್ತದೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡವು ಇದ್ದುದಕ್ಕಿಂತ ಹೆಚ್ಚಾಗಿ ಕಾಣುವುದರಿಂದ ಬೆಳಗಿನ ತಂಪಿನಲ್ಲಿ ನೋಡಿಸುವುದು ಲೇಸು.

ಗಾಲಿ ಬದಲಿಸುವುದನ್ನು ಮನೆಯಂಗಳದಲ್ಲಿ ಒಮ್ಮೆ ಮಾಡಿ ಕಲಿತಿರಬೇಕು, ಹೆಣ್ಣುಮಕ್ಕಳೂ ಕಲಿಯಬೇಕು. ಗಾಡಿಯನ್ನು ಸಂಚಾರದಿಂದ ದೂರ, ಸಮನಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎಚ್ಚರಿಕೆಯ ದೀಪ ಹಾಕಿ, ಕೈ ಬ್ರೇಕು ಎಳೆದು, ಗಾಲಿ ನೆಲದಲ್ಲಿರುವಾಗಲೇ ನಟ್ಟುಗಳನ್ನು ಸಡಿಲಿಸಬೇಕು. ಜ್ಯಾಕು ಎತ್ತುವುದು ಆಮೇಲೆ. ಎರೆಯ ನೆಲದಲ್ಲಿ ಜ್ಯಾಕು ಹೂತುಹೋಗುವುದರಿಂದ ಅದರಡಿಗೆ ಒಂದು ಹಲಗೆ ಬೇಕು. ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿಯಬೇಕು. ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತೂರಬಾರದು.

ನನ್ನ ಸೋದರಳಿಯನು ಈಗ ಒಂದು ಗಾಲಿಯನ್ನು ಕೊಂಡು ಡಿಕ್ಕಿಯಲ್ಲಿ ಇಟ್ಟಿದ್ದಾನೆ. ಎರಡು ಚೀಲಗಳ ಜಾಗ ಹೋಯಿತೆಂಬ ಗೊಣಗಾಟ ಇದ್ದೇ ಇದೆ. ತಾಯಿ ಮಾತ್ರ ಪ್ರತಿ ಸಲ ಹೊರಡುವಾಗ, "ಗಾಲಿ ಇಟ್ಟೀಯೇನೋ?" ಎಂದು ಕೇಳದೆ ಗಾಡಿ ಹತ್ತುವುದಿಲ್ಲ. ನಿಮ್ಮ ಗಾಡಿಯ ಡಿಕ್ಕಿಯಲ್ಲಿ ಏನಿದೆ, ಗಾಲಿಯೋ ಬಾಟಲಿಯೋ, ಅದರಲ್ಲಿ ಗಾಳಿಯೋ ಅವಧಿಯೋ ಉಳಿದಿದೆಯೆ ಎಂಬುದನ್ನು ಮುಂದಿನ ಪ್ರಯಾಣಕ್ಕೆ ಮೊದಲು ಒಮ್ಮೆ ತೆರೆದು ನೋಡಿರಿ.