ವೇಮಗಲ್ಲಿನ ರಾತ್ರಿ ಪಾಳಿಗೆ ಹಣ ಎಲ್ಲಿಂದ?

ಕೋಲಾರದ ಬಸ್ಸಿನಿಂದ ವೇಮಗಲ್ಲಿನಲ್ಲಿ ಇಳಿದರೆ ಹಳೆಯ ಹೋಬಳಿ, ಹೊಸ ಕೈಗಾರಿಕಾ ಪ್ರದೇಶ ಎರಡೂ ಒಟ್ಟಿಗೇ ಎದುರಾಗುತ್ತವೆ. ಟೊಮೆಟೊ ಕ್ರೇಟು ಹೇರಿದ ಟೆಂಪೊ, ಹಾಲಿನ ಕ್ಯಾನು, ಪಾಳಿ ಮುಗಿಸಿದವರನ್ನು ಇಳಿಸುವ ಕಂಪನಿ ಬಸ್ಸು. ಏರ್‌ಬಸ್ ಹೆಲಿಕಾಪ್ಟರ್ ಜೋಡಣೆಗೆ ಟಾಟಾ ಆರಿಸಿಕೊಂಡದ್ದೂ ಇದೇ ವೇಮಗಲ್.

ಈ ಬೀದಿಗಳಲ್ಲಿ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ನಡುರಾತ್ರಿ ಮನೆಯಲ್ಲೊಬ್ಬರಿಗೆ ಬದುಕೇ ಬೇಡವೆನಿಸಿದರೆ ಎಲ್ಲಿಗೆ ಕರೆದೊಯ್ಯುವುದು? ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ, ಇಲ್ಲವೇ ಸುಮಾರು 60 ಕಿ.ಮೀ. ಆಚೆಯ ನಿಮ್ಹಾನ್ಸ್‌ಗೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಮಂಗಳವಾರ ನೋಡುವ ಮನೋಚೈತನ್ಯ ಕಾರ್ಯಕ್ರಮ 2014ರಲ್ಲಿ ಶುರುವಾಯಿತು. ಮಾತ್ರೆ ತಪ್ಪದಂತೆ ನೋಡಿಕೊಳ್ಳಲು ಅದು ದೊಡ್ಡ ಆಸರೆ. ಆದರೆ ಶುಕ್ರವಾರ ರಾತ್ರಿಯ ಸಂಕಟಕ್ಕೆ ಮಂಗಳವಾರ ಬಲು ದೂರ. ಆಗ ಕೈಗೆ ಸಿಗುವುದು 108 ಆಂಬ್ಯುಲೆನ್ಸ್ ಮತ್ತು ಟೆಲಿ-ಮನಸ್‌ನ 14416. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಮಾನಸಿಕ ಆರೋಗ್ಯ ಸಹಾಯವಾಣಿ ಹಗಲಿರುಳೂ ತೆರೆದಿರುತ್ತದೆ, ಕನ್ನಡ, ತೆಲುಗು ಎರಡರಲ್ಲೂ ಮಾತಾಡಬಹುದು. ಮನೆಮಾತು ತೆಲುಗಾದವರು ತುಂಬಿರುವ ಈ ಸೀಮೆಯಲ್ಲಿ ಅದು ಸಣ್ಣ ವಿಷಯವಲ್ಲ. ಪ್ರತಿ ಅಂಗಡಿಯ ಗೋಡೆಯ ಮೇಲೂ ಈ ಸಂಖ್ಯೆ ಇರಬೇಕು.

ಫೋನೆತ್ತುವವರಿಗೆ ತಿಂಗಳಾದರೆ ಸಂಬಳವೂ ಆಗಬೇಕಲ್ಲ! ಟೆಲಿ-ಮನಸ್‌ಗೆ ಕೇಂದ್ರ ಬಜೆಟ್ 2024-25ರಲ್ಲಿ 90 ಕೋಟಿ ರೂಪಾಯಿ ತೆಗೆದಿಟ್ಟಿತ್ತು. ಮರುವರ್ಷ ಅದು 80 ಕೋಟಿಯ ಆಸುಪಾಸಿಗೆ ಇಳಿಯಿತು. ಕರೆಗಳು ಹೆಚ್ಚುವ ಹೊತ್ತಿಗೇ ಹಣ ಕುಗ್ಗಿತು. ಕೊರತೆ ಎಷ್ಟೆಂಬುದು ಮೊದಲೇ ಗೊತ್ತಿತ್ತು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಾಯೋಗಿಕ ಅಧ್ಯಯನ ನಡೆದದ್ದು ನಮ್ಮ ಕೋಲಾರ ಜಿಲ್ಲೆಯಲ್ಲೇ. ಹೆಚ್ಚಿನ ಮಾನಸಿಕ ಕಾಯಿಲೆಗಳಲ್ಲಿ 100ಕ್ಕೆ 70ಕ್ಕೂ ಮಿಕ್ಕವರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲವೆಂದು ಆ ಸಮೀಕ್ಷೆ ಕಂಡುಕೊಂಡಿತು.

ಹಾಗಾದರೆ ಜಿಲ್ಲೆಯಲ್ಲೇ ಒಂದು ರಾತ್ರಿ ತುರ್ತು ಸೇವೆಗೆ ಕಾರ್ಖಾನೆಗಳ ಸಿಎಸ್‌ಆರ್ ಹಣ ಕೇಳಬಾರದೇ? ಕಟ್ಟಡಕ್ಕೆ, ವಾಹನಕ್ಕೆ ಖಂಡಿತ ಕೇಳೋಣ. ಆದರೆ ಅದು ಲಾಭದ ಮೇಲೆ ನಿಂತ ಹಣ. ರಾತ್ರಿ ಪಾಳಿಯ ನರ್ಸ್ ಸಂಬಳವನ್ನು ಅದಕ್ಕೆ ಕಟ್ಟಿಹಾಕಲಾಗದು. ನನಗೆ ಭರವಸೆ ಇರುವುದು ಕಾರ್ಮಿಕರ ವಿಮೆಯಾದ ಇಎಸ್‌ಐ ಮೇಲೆ. ತಿಂಗಳಿಗೆ 21,000 ರೂಪಾಯಿವರೆಗೆ ದುಡಿಯುವವರ ಸಂಬಳದಲ್ಲಿ ಶೇ 0.75 ಕಡಿತ, ಮಾಲೀಕರಿಂದ ಶೇ 3.25. ದುಡಿಮೆ ಇರುವ ತನಕ ಬರುತ್ತಲೇ ಇರುವ ದುಡ್ಡು. ರಾತ್ರಿ ಸೇವೆಯ ವೆಚ್ಚದಲ್ಲಿ ಕಾರ್ಮಿಕರ ಪಾಲು ಅದರಿಂದ ಬರಲಿ, ರೈತರು, ಗೃಹಿಣಿಯರು, ಕೂಲಿಯವರ ಪಾಲನ್ನು ಸರಕಾರ ಭರಿಸಲಿ. ಸರಕಾರಿ ವೆಚ್ಚದಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಕೊಟ್ಟ ಹಕ್ಕು. ಹಾಗಾಗಿ ಬೇಕಿರುವುದು ಇಷ್ಟು: ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ತುರ್ತಿಗೇ ಮೀಸಲಾದ ಹಾಸಿಗೆ, ರಾತ್ರಿಯಿಡೀ ಎಚ್ಚರವಿರುವ ತಂಡ, ಐದು ವರ್ಷ ಕಡಿತವಿಲ್ಲದ ಸಂಬಳ. ವೇಮಗಲ್-ಕುರುಗಲ್ ಪಟ್ಟಣ ಪಂಚಾಯಿತಿ ಇಷ್ಟನ್ನು ಠರಾವು ಮಾಡಿ ಜಿಲ್ಲಾಧಿಕಾರಿಗೆ ಕಳಿಸಲಿ.