ಬೋಗಿಯ ಕೆಳಗಿನ ಟಾಕಿ

ಸೊಲ್ಲಾಪುರದಿಂದ ಗದಗಿಗೆ ಬರುವ ಗಾಡಿ ಆಲಮಟ್ಟಿ ಹತ್ತಿರ ಕೃಷ್ಣೆಯನ್ನು ದಾಟುತ್ತದೆ. ಬಾಗಲಕೋಟೆ, ಗುಳೇದಗುಡ್ಡ ರೋಡ್, ಬಾದಾಮಿ ಕಳೆದು ಹೊಳೆಆಲೂರು ಮುಟ್ಟುವ ಮುನ್ನ ಮಲಪ್ರಭೆಯನ್ನೂ ದಾಟುತ್ತದೆ. ಈ ಎರಡು ಹೊಳೆ ಕೂಡುವುದು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ. ಬೋಗಿಗೆ ಸಂಡಾಸ ಬಂದ ದಿನದಿಂದ ತೀರ ಇತ್ತೀಚಿನವರೆಗೂ ಅದಕ್ಕೆ ತಳವೆಂಬುದು ಇರಲಿಲ್ಲ. ಗುಂಡಿಯ ಕೆಳಗೆ ಕೊಳವೆ, ಕೊಳವೆಯ ಕೆಳಗೆ ಹಳಿ, ಸೇತುವೆ ಬಂದರೆ ಹೊಳೆ. ಸಂಗಮದಲ್ಲಿ ಮುಳುಗು ಹಾಕುವವರು ಇದನ್ನೆಲ್ಲ ಯೋಚಿಸುತ್ತಿರಲಿಲ್ಲ. ಯೋಚಿಸಿದ್ದರೂ ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂದು ಸುಮ್ಮನಾಗುತ್ತಿದ್ದರೇನೋ.  

ರೈಲ್ವೆಯ ಬಳಿ ಬಹುಕಾಲ ಇದ್ದ ಪರಿಹಾರ ಒಂದು ಬರಹ ಮಾತ್ರ: ಗಾಡಿ ನಿಲ್ದಾಣದಲ್ಲಿ ನಿಂತಾಗ ಶೌಚಾಲಯ ಬಳಸಬೇಡಿ. ಜನ ಬಳಸಿದರು. ಬಿದ್ದದ್ದನ್ನು ಎತ್ತುವವರ ಜಾತಿಯೂ ಎಲ್ಲರಿಗೂ ಗೊತ್ತಿತ್ತು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ರೈಲು ಹಳಿಯನ್ನು ಹೆಸರಿಟ್ಟು ಹೇಳಬೇಕಾಯಿತು. ಆದರೆ ದಾಖಲೆಗಳನ್ನು ನೋಡಿದರೆ ರೈಲ್ವೆಯ ಲೆಕ್ಕಕ್ಕೆ ಮೊದಲು ಬಂದದ್ದು ಆ ಕೈಗಳಲ್ಲ, ಕಬ್ಬಿಣ. ಮಲಮೂತ್ರದ ತೇವಕ್ಕೆ ಹಳಿ ತುಕ್ಕು ಹಿಡಿಯುತ್ತಿತ್ತು, ಹಳಿಯನ್ನು ಬಿಗಿದಿಡುವ ಕ್ಲಿಪ್ಪುಗಳು ಸವೆಯುತ್ತಿದ್ದವು. ರೈಲು ಸುರಕ್ಷತೆಯ ಬಗ್ಗೆ 2012ರಲ್ಲಿ ವರದಿ ಕೊಟ್ಟ ಅನಿಲ್ ಕಾಕೋಡ್ಕರ್ ಸಮಿತಿಯೂ ಬಯಲಿಗೆ ಸುರಿಯುವ ಸಂಡಾಸ ನಿಲ್ಲಲಿ ಎಂದಿತು.

ಅದಕ್ಕೂ ಮೊದಲು ಒಂದು ಅರೆಮನಸ್ಸಿನ ಪ್ರಯೋಗ ನಡೆದಿತ್ತು. ಕೊಳವೆಗೆ ಮುಚ್ಚಳ ಹಾಕಿ, ಗಾಡಿಯ ವೇಗ ಗಂಟೆಗೆ 30 ಕಿಲೋಮೀಟರ್ ದಾಟಿದ ಮೇಲೆ ತೆರೆಯುವಂತೆ ಮಾಡಿದರು. ನಿಲ್ದಾಣ ಸ್ವಚ್ಛವಾಯಿತು. ಊರ ಹೊರಗಿನ ಹೊಲ, ಹಳ್ಳ, ಹೊಳೆಗಳ ಪಾಡು ಮೊದಲಿದ್ದಂತೆಯೇ ಉಳಿಯಿತು.

ದೋಣಿ, ಹಡಗುಗಳಲ್ಲಿ ಟಾಕಿ ಇಟ್ಟುಕೊಂಡು, ದಡ ಸೇರಿದ ಮೇಲೆ ಪಂಪಿನಿಂದ ಎಳೆದು ತೆಗೆಯುವ ಪದ್ಧತಿ ಇದೆ. ಅದನ್ನೇ ರೈಲಿಗೆ ತರಬಹುದಿತ್ತಲ್ಲ? ಬೋಗಿಗೆ ನಾಲ್ಕು ಸಂಡಾಸ, ಎರಡು ಹಗಲು ಒಂದು ರಾತ್ರಿ ಪ್ರಯಾಣ, ತುಂಬಿದ ಗಾಡಿ. ಟಾಕಿ ದೊಡ್ಡದು ಬೇಕು, ದಾರಿಯುದ್ದಕ್ಕೂ ಎಳೆಯುವ ಪಂಪುಗಳು ಬೇಕು, ಎಳೆದದ್ದನ್ನು ಹಾಕಲು ಜಾಗ ಬೇಕು. ಹೊಲಸನ್ನು ಹೊರುವುದಕ್ಕಿಂತ ದಾರಿಯಲ್ಲೇ ಕರಗಿಸಿದರೆ ಲೇಸು ಎಂಬ ಆಲೋಚನೆ ಹುಟ್ಟಿದ್ದು ಇಲ್ಲಿ. ಅದಕ್ಕೆ ಬೇಕಾದ ಜೀವಿ ಸಿಕ್ಕಿದ್ದು ಮಾತ್ರ ಹಳಿಯೇ ಇಲ್ಲದ ಕಡೆ.

ಸಿಯಾಚಿನ್, ಲಡಾಖ್‌ಗಳ ಸೈನಿಕರ ಮಲ ಕೊಳೆಯುತ್ತಿರಲಿಲ್ಲ. ಕೊಳೆಯಿಸುವ ಬ್ಯಾಕ್ಟೀರಿಯಾಗಳು ಆ ಚಳಿಗೆ ಮರಗಟ್ಟುತ್ತಿದ್ದವು. ಗ್ವಾಲಿಯರ್‌ನಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯ ಇದರ ಬೆನ್ನು ಹತ್ತಿತು. ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳ ಗುಂಪನ್ನು ಹಂತಹಂತವಾಗಿ ಚಳಿಗೆ ಪಳಗಿಸಿ, ಅಂಟಾರ್ಕ್ಟಿಕ ಮತ್ತಿತರ ಶೀತಪ್ರದೇಶಗಳಿಂದ ತಂದ ಜೀವಿಗಳನ್ನು ಅದಕ್ಕೆ ಬೆರೆಸಿದರು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಈ ದ್ರಾವಣವನ್ನು ಟಾಕಿಗೆ ಸುರಿದರೆ ಮಲದ ದೊಡ್ಡ ಕಣ ಒಡೆದು ಆಮ್ಲವಾಗಿ, ಕೊನೆಗೆ ಮೀಥೇನ್, ಇಂಗಾಲದ ಡೈ ಆಕ್ಸೈಡ್ ಮತ್ತು ನೀರು ಉಳಿಯುತ್ತವೆ.

ದೋಣಿಯವರ ಟಾಕಿಗೂ ಇದಕ್ಕೂ ಇರುವ ವ್ಯತ್ಯಾಸ ಕುತೂಹಲದ್ದು. ದೋಣಿಯ ಟಾಕಿಗೆ ಗಾಳಿ ಬೇಕು. ಅದರ ಗಾಳಿಕೊಳವೆ ಕಟ್ಟಿದರೆ ಆಮ್ಲಜನಕ ಬೇಡದ ಜೀವಿಗಳು ಮೇಲುಗೈ ಪಡೆದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ವರ್ಷಗಟ್ಟಲೆ ದಡದಲ್ಲಿ ನಿಂತ ದೋಣಿಯ ಟಾಕಿ ತೆರೆಯುವವರು ಮೊದಲು ಹೆದರುವುದು ಆ ಅನಿಲಕ್ಕೆ. ರೈಲಿನ ಟಾಕಿ ನಂಬಿಕೊಂಡದ್ದು ಅದೇ ಗಾಳಿ ಬೇಡದ ಕುಲವನ್ನು.

2010ರಲ್ಲಿ ರೈಲ್ವೆ ರಕ್ಷಣಾ ಸಂಶೋಧನಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. 2011ರ ಜನವರಿಯಲ್ಲಿ ಗ್ವಾಲಿಯರ್–ವಾರಾಣಸಿ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್ ಜೈವಿಕ ಶೌಚಾಲಯ ಹೊತ್ತು ಹೊರಟಿತು. ಸೊನ್ನೆಗಿಂತ ಕೆಳಗಿನ ಚಳಿಗೆ ಪಳಗಿದ ಜೀವಿ ನಲವತ್ತು ಡಿಗ್ರಿಯ ಬೇಸಿಗೆಯಲ್ಲೂ ಬದುಕಿತು. ಕತೆ ಇಲ್ಲಿಗೆ ಮುಗಿದಿದ್ದರೆ ಸರ್ಕಾರಿ ಜಾಹೀರಾತಿಗೆ ಸಾಕಾಗುತ್ತಿತ್ತು.

2017ರ ಸಿಎಜಿ ವರದಿ ಬೇರೆಯೇ ಲೆಕ್ಕ ಹೇಳಿತು. 2016–17ರಲ್ಲಿ ಪರಿಶೀಲಿಸಿದ 25,080 ಶೌಚಾಲಯಗಳಲ್ಲಿ 1,99,689 ದೋಷಗಳು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, 1,02,792, ಬರೀ ಕೊಳವೆ ಕಟ್ಟಿಕೊಂಡ ದೂರುಗಳು. ಬೆಂಗಳೂರಿನ ಕೋಚಿಂಗ್ ಡಿಪೊ ಈ ದೂರುಗಳಿಗಾಗಿ ಆ ವರದಿಯಲ್ಲಿ ಎದ್ದು ಕಾಣುತ್ತದೆ. ಜೀವಿ ತನ್ನ ಕೆಲಸ ಮಾಡಲು ಮೊದಲು ಊಟ ಅದರ ಬಳಿ ತಲುಪಬೇಕಲ್ಲ. ದಾರಿಯಲ್ಲಿ ನೀರಿನ ಬಾಟಲಿ, ಚಹದ ಕಪ್ಪು, ಗುಟ್ಕಾ ಚೀಟಿ, ಬಟ್ಟೆ, ಮಗುವಿನ ಡೈಪರ್. ಅದೇ ವರ್ಷ ಮದ್ರಾಸ್ ಐಐಟಿಯ ಲಿಗಿ ಫಿಲಿಪ್ ಅವರ ತಂಡ, ಟಾಕಿಯೊಳಗೆ ಸಂಸ್ಕರಣೆಯೇ ಸರಿಯಾಗಿ ಆಗುತ್ತಿಲ್ಲ, ಇದು ಸೆಪ್ಟಿಕ್ ಟ್ಯಾಂಕಿಗಿಂತ ಮೇಲಲ್ಲ ಎಂದಿತು. ರೈಲ್ವೆ ಒಪ್ಪಲಿಲ್ಲ. ಪ್ರಯೋಗಾಲಯದಲ್ಲಿ ಬದುಕುವುದು ಬೇರೆ, ಅಲುಗಾಡುವ ಬೋಗಿಯ ಕೆಳಗೆ ಫಿನಾಯಿಲು, ಆ್ಯಸಿಡ್ಡು ಸುರಿಸಿಕೊಂಡು ಬದುಕುವುದು ಬೇರೆ ಎಂಬುದನ್ನು ನಾನಂತೂ ಅನುಮಾನಿಸಲಾರೆ.

ಕಟ್ಟಿಕೊಳ್ಳುವ ಕೊಳವೆಯ ಕತೆ ಇಲ್ಲಿ ಇನ್ನೂರೈವತ್ತು ವರ್ಷ ಹಿಂದಕ್ಕೆ ಹೊರಳುತ್ತದೆ. 1775ರಲ್ಲಿ ಲಂಡನ್ನಿನ ಗಡಿಯಾರಗಾರ ಅಲೆಕ್ಸಾಂಡರ್ ಕಮಿಂಗ್ ಕೊಳವೆಯನ್ನು ಎಸ್ ಆಕಾರಕ್ಕೆ ಬಗ್ಗಿಸಿ ಪೇಟೆಂಟ್ ಪಡೆದ. ಬಾಗಿನಲ್ಲಿ ಸದಾ ನಿಂತ ಒಂದಿಷ್ಟು ನೀರೇ ಕೆಳಗಿನ ಅನಿಲ ಮೇಲೆ ಬಾರದಂತೆ ತಡೆಯುತ್ತದೆ. ಮೂರು ವರ್ಷ ಕಳೆದು ಜೋಸೆಫ್ ಬ್ರಾಮಾ ಅದರ ಕವಾಟವನ್ನು ಕೀಲಿನ ಮೇಲೆ ತೆರೆದು ಮುಚ್ಚುವಂತೆ ಬದಲಿಸಿದ. ಅದು ಹಡಗುಗಳಿಗೂ ಹೋಯಿತು. ನಮ್ಮ ರೈಲಿನ ಟಾಕಿಗಿದ್ದ ಪಿ ಆಕಾರದ ಬಾಗು ಕಟ್ಟಿಕೊಳ್ಳುತ್ತಿತ್ತು, ನಾರುತ್ತಿತ್ತು. ರೈಲ್ವೆ ಅದನ್ನು ತೆಗೆದು ಎಸ್ ಬಾಗು ಹಾಕತೊಡಗಿತು. ಅಂಟಾರ್ಕ್ಟಿಕದ ಜೀವಿಗೂ ಕಮಿಂಗನ ಕೊಳವೆ ಬೇಕಾಯಿತು.

ನಿಂತ ಬೋಗಿಗೆ ಇನ್ನೊಂದು ಪೀಡೆ. ಬಾಗಿನ ನೀರು ಆರುತ್ತದೆ, ಕವಾಟದ ರಬ್ಬರು ಬಿರುಸಾಗುತ್ತದೆ, ಟಾಕಿಯೊಳಗಿನ ಜೀವಿಗೆ ಊಟವಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ದೇಶದ ಪ್ರಯಾಣಿಕರ ಗಾಡಿಗಳೆಲ್ಲ ನಿಂತಾಗ ಯಾರ್ಡುಗಳಲ್ಲಿ ಬೋಗಿಗಳು ಸಾಲುಗಟ್ಟಿದ್ದವು. ಬಾದಾಮಿಗೆ ಪ್ರವಾಸಿಗರನ್ನು ತರುತ್ತಿದ್ದ, ಬೋಗಿಗೆ ಚಾಲುಕ್ಯ, ಕದಂಬ ಎಂದು ಹೆಸರಿಟ್ಟ ಸುವರ್ಣ ರಥ ಗಾಡಿಯಂತೂ ವರ್ಷಗಟ್ಟಲೆ ನಿಂತು 2024ರ ಡಿಸೆಂಬರ್‌ನಲ್ಲಿ ಮತ್ತೆ ಹೊರಟಿತು. ಇಂಥ ಟಾಕಿಯನ್ನು ಮತ್ತೆ ನಡೆಸುವ ಕ್ರಮ ಸರಳ: ಒಳಗಿನದನ್ನು ಎಳೆದು ತೆಗೆದು, ತೊಳೆದು, ಕವಾಟ ನೋಡಿ, ಹೊಸ ದ್ರಾವಣ ಸುರಿಯುವುದು. ಎಲ್ಲರೂ ಹೊಗಳುವ ಆ ಜೀವಿ ಸತ್ತರೆ ಮತ್ತೆ ಬೆಳೆಸಬಹುದು. ಸಿಕ್ಕಿಕೊಂಡ ಬಾಟಲಿಯನ್ನು ತೆಗೆಯಲು ಮಾತ್ರ ಈಗಲೂ ಮನುಷ್ಯನ ಕೈಯೇ ಬೇಕು.

ಹೊಸ ಬೋಗಿಗಳಲ್ಲಿ ಈಗ ವಿಮಾನದಂತೆ ನಿರ್ವಾತದಿಂದ ಎಳೆಯುವ ಸಂಡಾಸ ಬರುತ್ತಿದೆ. ಹತ್ತು ಹದಿನೈದು ಲೀಟರಿನ ಜಾಗದಲ್ಲಿ ಅರ್ಧ ಲೀಟರು ನೀರು ಸಾಕು. ಅದರ ಕೊಳವೆ ಇನ್ನೂ ಸಣ್ಣದು. ರೈಲ್ವೆ ಸಂಡಾಸದ ಒಳಗೇ ಕಸದ ಬುಟ್ಟಿಯನ್ನೂ ಇಟ್ಟಿದೆ.