ಪಿಗ್ಮಿಯವರು ಬಂದ ದಾರಿ

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆಯ ವ್ಯಾಪಾರ ಏರುವ ಹೊತ್ತಿಗೆ ಪಿಗ್ಮಿಯವರು ಬರುತ್ತಾರೆ. ಹೂವಿನ ಬುಟ್ಟಿ, ಬಳೆ ಅಂಗಡಿ, ಮಿರ್ಚಿ ಕರಿಯುವ ಗಾಡಿ ಯಾವುದನ್ನೂ ಅವರು ದಾಟಿ ಹೋಗುವುದಿಲ್ಲ. ‘ಅಕ್ಕಾರ, ಇವತ್ತೆಷ್ಟ ಬರೀಲಿ?’ ‘ಯಾಪಾರ ಇಲ್ರೀ ಇವತ್ತ, ಐವತ್ತ ಬರಕೋರಿ.’ ಕೈಯಲ್ಲಿರುವ ಪುಟ್ಟ ಯಂತ್ರ ಚೀಟಿ ಉಗುಳುವಷ್ಟರಲ್ಲಿ ಅಕ್ಕ ಮತ್ತೆ ಮಾಲೆ ಅಳೆಯಲು ಶುರು ಮಾಡಿರುತ್ತಾಳೆ.

ದಿನಕ್ಕೆ 50 ರೂಪಾಯಿ ಎಂದರೆ ವರ್ಷಕ್ಕೆ 18,250. ಜೂನ್‌ನಲ್ಲಿ ಮಕ್ಕಳ ಶಾಲೆಯ ಫೀ, ಮಳೆಗೆ ಮುನ್ನ ಮನೆಯ ಮೇಲಿನ ತಗಡು, ದೀಪಾವಳಿಗೆ ಅಂಗಡಿಯ ಮಾಲು, ಎಲ್ಲಕ್ಕೂ ಇದೇ ಆಧಾರ. ತಿಂಗಳ ಕೊನೆಗೆ ಉಳಿದದ್ದನ್ನು ಕೂಡಿಡುವೆನೆಂದರೆ ಇಂಥ ಮನೆಗಳಲ್ಲಿ ಏನೂ ಉಳಿಯುವುದಿಲ್ಲ. ಖರ್ಚಾಗುವ ಮೊದಲೇ ಒಬ್ಬರು ಬಂದು ಒಯ್ದರೆ ಮಾತ್ರ ಉಳಿತಾಯ.

ಈ ಭಾಗದ ಹಳೆಯ ಉಳಿತಾಯ ದುಡ್ಡಿನಲ್ಲಿರಲಿಲ್ಲ, ಜೋಳದಲ್ಲಿತ್ತು. ಧಾರವಾಡ ಸೀಮೆಯ ಎರೆ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ವರ್ಷದ ಊಟಕ್ಕಾಗುವಷ್ಟು ಕಾಳು ತೆಗೆದಿಟ್ಟು, ಮಿಕ್ಕದ್ದನ್ನು ಹಗೇವಿಗೆ ಸುರಿಯುತ್ತಿದ್ದರು. ನೆಲದೊಳಗೆ ತೋಡಿದ ಕಣಜವದು. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೋಡೆಗೆ ಒಣಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗಿ ಹುಳುಗಳು ಸಾಯುತ್ತಿದ್ದವು, ಕಾಳು ವರ್ಷಗಟ್ಟಲೆ ತಾಳುತ್ತಿತ್ತು. ಆದರೆ ಅದೇ ಗಾಳಿ ಮನುಷ್ಯನ ಜೀವಕ್ಕೂ ಅಪಾಯ. ತೆರೆದ ಕೂಡಲೇ ಯಾರೂ ಒಳಗಿಳಿಯುವಂತಿರಲಿಲ್ಲ. ಬಾಯಿ ತೆರೆದಿಟ್ಟು ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಹೀಗಾಗಿ ಸಣ್ಣಪುಟ್ಟ ನೆವಕ್ಕೆಲ್ಲ ಹಗೇವು ತೆಗೆಯುವ ಮಾತೇ ಇರಲಿಲ್ಲ. ಕೈಗೆ ಸುಲಭವಾಗಿ ಸಿಗದಂತೆ ಕೂಡಿಡುವ ಈ ಜಾಣತನ ಆಮೇಲೆ ಬಂದ ಎಲ್ಲ ಪದ್ಧತಿಗಳಲ್ಲೂ ಕಾಣುತ್ತದೆ.

ಹೊಲವಿಲ್ಲದವರಿಗೆ ಹಗೇವು ಎಲ್ಲಿಂದ ಬರಬೇಕು? 19ನೇ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು. ಧಾರವಾಡದಲ್ಲಿ ಇಂದಿನ ಕರ್ನಾಟಕ ಕಾಲೇಜಿನ ಕಟ್ಟಡ ಅದರ ಕಚೇರಿಯಾಗಿತ್ತು, ವರ್ಕ್‌ಶಾಪ್ ಹುಬ್ಬಳ್ಳಿಯಲ್ಲಿ. ಅದರ ಜೊತೆಗೆ ಬಂದದ್ದು ಪಗಾರ. ಪಗಾರದ ದಿನ ಕೈತುಂಬ ದುಡ್ಡು, ಕೊನೆಯ ವಾರ ಕಿರಾಣಿ ಅಂಗಡಿಯಲ್ಲಿ ಉದ್ರಿ. 1882ರಲ್ಲೇ ಅಂಚೆ ಕಚೇರಿ ಉಳಿತಾಯ ಬ್ಯಾಂಕ್ ದೇಶದಾದ್ಯಂತ ಶುರುವಾಗಿತ್ತು ನಿಜ. ಆದರೆ ಅಲ್ಲಿಗೆ ಹೋಗಲು ಕೆಲಸ ಬಿಡಬೇಕು, ಫಾರಂ ತುಂಬಲು ಅಕ್ಷರ ಬರಬೇಕು.

ಆಗ ಧಾರವಾಡ ಜಿಲ್ಲೆಗೇ ಸೇರಿದ್ದ, ಈಗ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳ ಬೇರೊಂದು ದಾರಿ ತೋರಿಸಿತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಎಂಬ ಹೆಸರು ಅದಕ್ಕಿದೆ. ಸಾಹುಕಾರನ ಬಡ್ಡಿಗೆ ಹೊಲ ಬರೆದುಕೊಡುತ್ತಿದ್ದ ರೈತರು ತಮ್ಮ ತಮ್ಮಲ್ಲೇ ದುಡ್ಡು ಕೂಡಿಸಿ, ತಮ್ಮವರಿಗೇ ಸಾಲ ಕೊಡುವುದು ಆ ಕಾಲಕ್ಕೆ ದೊಡ್ಡ ಧೈರ್ಯ. ಇಂದು ಹುಬ್ಬಳ್ಳಿ-ಧಾರವಾಡದ ಓಣಿ ಓಣಿಗಳಲ್ಲಿರುವ ಸೊಸೈಟಿಗಳ ಬೇರು ಅಲ್ಲಿದೆ.

ಮನೆ ಬಾಗಿಲಿಗೆ ಬರುವ ಪದ್ಧತಿ ಮಾತ್ರ ಕರಾವಳಿಯದು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ನಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗುವುದು ಅದರ ಮೊದಲ ಉದ್ದೇಶ. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ಏಜೆಂಟರು ದಿನವೂ ಮನೆಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಬರೆದುಕೊಳ್ಳುತ್ತಿದ್ದರು. ದಿನಕ್ಕೆ ಎರಡಾಣೆ ಎಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದವರ ಬಳಿಗೆ ಬ್ಯಾಂಕೇ ನಡೆದು ಹೋಯಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಆ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿ ಮಾತ್ರ ಅಷ್ಟರೊಳಗೆ ಎಲ್ಲರ ಸ್ವತ್ತಾಗಿತ್ತು. ಅರ್ಬನ್ ಬ್ಯಾಂಕುಗಳು, ಪತ್ತಿನ ಸಂಘಗಳು, ಸೌಹಾರ್ದ ಸಹಕಾರಿಗಳು ಇದನ್ನೇ ಹಿಡಿದವು.

ಬಿಸಿಲು ಮಳೆ ಎನ್ನದೆ ತಿರುಗುವ ಈ ಸಂಗ್ರಾಹಕರನ್ನು ಬ್ಯಾಂಕುಗಳು ಬಹುಕಾಲ ಬರೀ ಕಮಿಷನ್ ಏಜೆಂಟರೆಂದೇ ನಡೆಸಿಕೊಂಡವು. ಅವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ನ್ಯಾಯ ತಡವಾಗಿ ಬಂತು, ಬಂದದ್ದು ದೊಡ್ಡದು.

ಹೆಂಗಸರಿಗೆ ಇನ್ನೊಂದು ದಾರಿಯೂ ಇತ್ತು. ಓಣಿಯ ಹತ್ತಾರು ಮನೆಯವರು ಕೂಡಿ ಭಿಶಿ ಹಾಕುವುದು ಇಲ್ಲಿ ಹಳೆಯ ರೂಢಿ. ಪ್ರತಿ ತಿಂಗಳು ಎಲ್ಲರೂ ಸಮನಾಗಿ ಕೊಟ್ಟು, ಒಬ್ಬೊಬ್ಬರ ಪಾಳಿಯಂತೆ ಮೊತ್ತ ಎತ್ತುತ್ತಾರೆ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಇಂಥದೇ ನಂಬಿಕೆಯ ಮೇಲೆ ಸ್ವಸಹಾಯ ಗುಂಪುಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. 2000-01ರಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದ ಮೇಲಂತೂ ‘ಸಂಘಕ್ಕ ಹೊಂಟೀನಿ’ ಎಂದು ಹೇಳಿ ಹೊರಡುವುದು ಹಳ್ಳಿಯ ಹೆಣ್ಣುಮಕ್ಕಳ ವಾರದ ದಿನಚರಿಯೇ ಆಯಿತು. ವಾರಕ್ಕೆ ಹತ್ತೋ ಇಪ್ಪತ್ತೋ ರೂಪಾಯಿ ಕಟ್ಟುತ್ತಲೇ ಲೆಕ್ಕದ ಪುಸ್ತಕ ಬರೆಯಲು, ಬ್ಯಾಂಕ್ ಮ್ಯಾನೇಜರ್ ಎದುರು ಕೂತು ಮಾತಾಡಲು ಕಲಿತವರು ಬಹಳ.

ಈಚೆಗೆ ಇದೇ ಬಾಗಿಲಿಗೆ ಬೇರೆಯವರೂ ಬರತೊಡಗಿದರು. ಮೈಕ್ರೋಫೈನಾನ್ಸಿನವರು ಗುಂಪು ಕಟ್ಟಿ ಸಾಲ ಹಂಚಿ, ವಾರ ವಾರ ಕಂತು ವಸೂಲಿಗೆ ನಿಂತರು. ಪಿಗ್ಮಿಯವರಿಗೆ ‘ಇವತ್ತಿಲ್ಲ, ನಾಳೆ ಬರ್ರಿ’ ಎನ್ನಬಹುದಿತ್ತು, ಇವರಿಗೆ ಹಾಗೆನ್ನುವಂತಿಲ್ಲ. ಒಬ್ಬಳು ತಪ್ಪಿದರೆ ಗುಂಪಿನ ಉಳಿದವರು ತೆರಬೇಕು. ಕಿರುಕುಳಕ್ಕೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿಗಳು ಒಂದರ ಮೇಲೊಂದು ಬಂದಾಗ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಗೆ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ನೂರು ವರ್ಷದ ಹಿಂದೆ ಸಾಹುಕಾರನಿಂದ ತಪ್ಪಿಸಿಕೊಳ್ಳಲು ಕಟ್ಟಿದ ವ್ಯವಸ್ಥೆಯ ನೆಲದಲ್ಲೇ ಹೀಗಾದದ್ದು ನೋವಿನ ಸಂಗತಿ.

ಪಿಗ್ಮಿ ಕಟ್ಟುವವರೂ ಒಂದು ವಿಷಯ ತಿಳಿದಿರಬೇಕು. ಸಹಕಾರಿ ಬ್ಯಾಂಕೂ ಸೇರಿ, ವಿಮೆ ಇರುವ ಬ್ಯಾಂಕ್ ಮುಳುಗಿದರೆ ಒಬ್ಬರ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. 2020ಕ್ಕೆ ಮುಂಚೆ ಇದು 1 ಲಕ್ಷವಿತ್ತು. ಪತ್ತಿನ ಸೊಸೈಟಿಗಳಿಗೆ ಈ ವಿಮೆ ಇಲ್ಲ. ಎರಡೂ ಕಡೆಯ ಏಜೆಂಟರು ಒಂದೇ ಓಣಿಯಲ್ಲಿ, ಅದೇ ಥರದ ಯಂತ್ರ ಹಿಡಿದು ಬರುವುದರಿಂದ ಚೀಟಿಯ ತಲೆಯ ಮೇಲಿನ ಹೆಸರನ್ನು ಓದಿಕೊಳ್ಳುವುದು ಲೇಸು.

2023ರ ಆಗಸ್ಟ್‌ನಿಂದ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ನೇರವಾಗಿ ಬರತೊಡಗಿತು. ಕಂತು ತಡವಾದ ತಿಂಗಳುಗಳೂ ಉಂಟು. ಬಂದಾಗ ಬಹುಪಾಲು ಸಂತೆಗೆ, ಔಷಧಕ್ಕೆ, ಮಕ್ಕಳ ಪುಸ್ತಕಕ್ಕೆ ಹೋಗುತ್ತದೆ, ಹೋಗಬೇಕಾದದ್ದೇ. ಆದರೆ ಕೂಡಿಟ್ಟವರೂ ಇದ್ದಾರೆ. ಗದಗ ಜಿಲ್ಲೆಯ ಗಜೇಂದ್ರಗಡದಲ್ಲಿ ಅತ್ತೆ-ಸೊಸೆ ಸೇರಿ ಈ ಹಣ ಮುಟ್ಟದೆ ಉಳಿಸಿ, ಕಡಿಮೆ ಬಿದ್ದದ್ದನ್ನು ಮನೆಯವರಿಂದ ಕೂಡಿಸಿಕೊಂಡು ಹೊಲದಲ್ಲಿ ಬೋರ್‌ವೆಲ್ ಕೊರೆಸಿದ್ದು ಸುದ್ದಿಯಾಗಿತ್ತು. ನೀರೂ ಬಿತ್ತು.